ಹೆಸರು, ಕಾಯಿ, ಮೌಲ್ಯ: ಯುದ್ಧಕ್ರೀಡೆಯ ಘಟಕಶೋಧಕಗಳು ನಂಬಿರುವ ಭಾಷಾಸಿದ್ಧಾಂತ

ಮೇಜಿನ ಮೇಲಾಡುವ ಯುದ್ಧಕ್ರೀಡೆಗಳ ಘಟಕಗಳನ್ನು ಹುಡುಕಿಕೊಡುವ ಸಾಧನಗಳನ್ನು ಈಗ ಆಟಗಾರರಷ್ಟೇ ಅಲ್ಲದೆ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳೂ ಬಳಸತೊಡಗಿವೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಂಥ ವ್ಯವಸ್ಥೆಗಳಲ್ಲಿ ಏಜೆಂಟು ಒಂದು ಹೆಸರನ್ನು ಕಳುಹಿಸಿದರೆ, ಸಾಧನವು ಆ ಘಟಕದ ಚಲನೆ, ಬಲ, ಬೆಲೆಗಳ ದಾಖಲೆಯನ್ನು ಹಿಂದಿರುಗಿಸುತ್ತದೆ. ಇವುಗಳ ವಿನ್ಯಾಸದಲ್ಲಿ ಅಡಗಿರುವ ಭಾಷಾಸಿದ್ಧಾಂತವನ್ನು ಕನ್ನಡದ ದತ್ತದ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲಿಗೆ ಇವುಗಳ ಗುಣವನ್ನು ಒಪ್ಪಬೇಕು. ಭಾಷಾಮಾದರಿಯು ತನ್ನ ನೆನಪಿನಿಂದ ಅಂಕಿಗಳನ್ನು ಕಟ್ಟಿ ಹೇಳುವುದಕ್ಕಿಂತ ದಾಖಲೆಯನ್ನು ಓದಿ ಹೇಳುವುದು ಮೇಲು. ಆದರೆ ಈ ಸಾಧನಗಳ ಹಿಂದಿರುವ ನಂಬಿಕೆ 'ಒಂದು ಹೆಸರು, ಒಂದು ಘಟಕ' ಎಂಬುದು. ಪ್ರಕಾಶಕರ ಹಿಡಿತದಲ್ಲಿರುವ ಆಟಗಳಲ್ಲಿ ಇದು ಸಲ್ಲುತ್ತದೆ. ವಾರ್‌ಹ್ಯಾಮರ್ 40,000 ಆಟದ 2017ರ ಎಂಟನೆಯ ಆವೃತ್ತಿಯು ಪ್ರತಿ ಘಟಕದ ದತ್ತಪತ್ರದಲ್ಲಿ ಸೂಚಕಪದಗಳನ್ನು ನಿಗದಿಪಡಿಸಿತು. ನಿಯಮಗಳು ಆ ಪದಗಳನ್ನೇ ಉದ್ದೇಶಿಸಿ ಮಾತನಾಡುತ್ತವೆ. ಅಲ್ಲಿ ಹೆಸರೆಂಬುದು ಪರಿಭಾಷೆ. ಸಮುದಾಯದ ಬಾಯಲ್ಲಿ ಉಳಿದುಬಂದ ಆಟಗಳಿಗೆ ಅಂಥ ಪ್ರಕಾಶಕರಿಲ್ಲ. ಹೆಸರು ಅಲ್ಲಿ ಸಹಜ ಭಾಷೆಯ ಪದವಾಗಿಯೇ ಉಳಿದಿದೆ.

ಕನ್ನಡದಲ್ಲಿ ಈ ನಂಬಿಕೆ ಮೊದಲು ಎಡವುವುದು ಪದರೂಪದಲ್ಲಿ. 'ಪಟ್ಟದಾನೆ' ಎಂಬಲ್ಲಿ 'ಆನೆ' ಇದೆಯೆಂದು ಕನ್ನಡಿಗರೆಲ್ಲರಿಗೂ ಗೊತ್ತು. ಅಕ್ಷರಸರಣಿಯನ್ನು ಹೋಲಿಸುವ ಶೋಧಕಕ್ಕೆ ಗೊತ್ತಿಲ್ಲ. ಸಂಧಿಯಾದೊಡನೆ ಸ್ವರಾಕ್ಷರವಾದ 'ಆ' ದೀರ್ಘದ ಚಿಹ್ನೆಯಾಗುತ್ತದೆ. ಯೂನಿಕೋಡಿನಲ್ಲಿ ಅವೆರಡೂ ಬೇರೆ ಬೇರೆ ಸಂಕೇತಗಳು. 'ಕಾಲಾಳು' ಪದವು 'ಕಾಲಾಳನ್ನು' ಆದಾಗಲೂ ಕೊನೆಯ ಉಕಾರ ಲೋಪಿಸುತ್ತದೆ. ಪ್ರತ್ಯಯಗಳನ್ನು ಕತ್ತರಿಸಿ ಪ್ರಕೃತಿಯನ್ನು ಹಿಡಿಯೋಣವೆಂದರೆ ಆಡು-ಹುಲಿ ಆಟವು ಎದುರಾಗುತ್ತದೆ. ಇಲ್ಲಿ 'ಆಡು' ಒಂದು ಕಾಯಿ. ಅದೇ ರೂಪದ ಧಾತುವಿನಿಂದ, 'ಓಡು–ಓಟ'ದಂತೆ, 'ಆಟ' ಹುಟ್ಟಿದೆ. 'ಆಡಿಗೆ ಎಷ್ಟು ನಡೆ' ಎಂಬ ಪ್ರಶ್ನೆಯಲ್ಲಿ 'ಆಡಿ' ಎಂಬ ಭಾಗವನ್ನು ಕೃದಂತವೆಂದು ಬಗೆದರೆ ಕಾಯಿಯೇ ಮಾಯವಾಗುತ್ತದೆ.

ರೂಪವಿಶ್ಲೇಷಕವನ್ನೂ ಬಹುಭಾಷಾ ಸದಿಶ ಶೋಧವನ್ನೂ ಅಳವಡಿಸಿದರೆ ಇದು ತೀರುತ್ತದೆಂಬ ಆಕ್ಷೇಪವು ಬರಬಹುದು. ರೂಪದ ತೊಡಕಿನ ಮಟ್ಟಿಗೆ ನಾವೂ ಒಪ್ಪುತ್ತೇವೆ. ಎರಡನೆಯ ತೊಡಕು ಅದರಿಂದ ತೀರದು. ಕನ್ನಡದ ಚದುರಂಗದಲ್ಲಿ ಮೂಲೆಯಲ್ಲಿ ನಿಂತು ನೇರವಾಗಿ ಚಲಿಸುವ ಕಾಯಿ ಆನೆ, ಓರೆಯಾಗಿ ಚಲಿಸುವುದು ಒಂಟೆ. ಹಿಂದಿಯಲ್ಲಿಯೂ ಹಾಥಿ, ಊಂಟ್ ಎಂದೇ ರೂಢಿ. ರಷ್ಯನ್ ಭಾಷೆಯಲ್ಲಾದರೋ ಓರೆನಡೆಯ ಕಾಯಿಯೇ 'ಸ್ಲೋನ್', ಅಂದರೆ ಆನೆ, ಮೂಲೆಯದು ದೋಣಿ. ಸ್ಪ್ಯಾನಿಷ್‌ನ 'ಅಲ್ಫಿಲ್' ಕೂಡ ಅರಬ್ಬಿಯ ಆನೆಯೇ, ಅದೂ ಓರೆಯಾಗಿ ನಡೆಯುತ್ತದೆ. ಅರ್ಥಸಾಮೀಪ್ಯವನ್ನು ಅಳೆಯುವ ಶೋಧಕವು ಎಷ್ಟು ಚೆನ್ನಾಗಿ ಕೆಲಸ ಮಾಡಿತೋ ಅಷ್ಟೇ ಖಚಿತವಾಗಿ ಒಂದು ಆನೆಯ ಬದಲು ಇನ್ನೊಂದು ಆನೆಯನ್ನು ತಂದುಕೊಡುತ್ತದೆ.

ಸೊಸ್ಯೂರನ ಉಪನ್ಯಾಸಗಳ 1916ರ ಗ್ರಂಥದಲ್ಲಿ ಈ ಮಾತಿಗೆ ಆಧಾರವಿದೆ. ಆಟದ ಕುದುರೆ ಕಳೆದುಹೋದರೆ ಯಾವ ವಸ್ತುವನ್ನಾದರೂ ಅದರ ಜಾಗದಲ್ಲಿಡಬಹುದು, ಅದಕ್ಕೆ ಅದೇ ಮೌಲ್ಯವನ್ನು ಸಲ್ಲಿಸಿದರೆ ಸಾಕು. ತುಮಕೂರಿನ ಆಸುಪಾಸಿನಲ್ಲಿ ಕುಳಿತು ಈ ಸಾಲುಗಳನ್ನು ಬರೆಯುವ ನಮಗೆ ದೃಷ್ಟಾಂತಗಳು ದೂರವಿಲ್ಲ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ 'ಕುದುರೆ' ಒಂದು ಪ್ರಾಣಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯ 'ಕುರುಕ್ಷೇತ್ರ' ನಾಟಕದಲ್ಲಿ ಅದು ರಂಗದ ಮೇಲೆ ಸೇನೆಯನ್ನು ಪ್ರತಿನಿಧಿಸಿದ ಜೀವಂತ ಸಂಕೇತ. ಮಹಾಭಾರತದ ಅಕ್ಷೌಹಿಣಿಯಲ್ಲಿ ಅದು 65,610ರ ಒಂದು ಗಣನೆ. ರಥ, ಆನೆ, ಕುದುರೆ, ಕಾಲಾಳುಗಳ 1:1:3:5 ಎಂಬ ಅನುಪಾತದಿಂದಲೇ ಅದರ ಸ್ಥಾನ ತಿಳಿಯುತ್ತದೆ. ಮಣೆಯ ಮೇಲೆ ಅದು ಒಂದು ನಡೆ. 'ಗುಬ್ಬಿ' ಎಂಬುದೂ ಊರೋ ಹಕ್ಕಿಯೋ ಎಂಬುದನ್ನು ನೆರೆಯ ಪದಗಳೇ ತೀರ್ಮಾನಿಸುತ್ತವೆ. ಶೋಧಕವು ಹುಡುಕುವುದು ಹೆಸರನ್ನು. ಆಟಕ್ಕೆ ಬೇಕಾದುದು ಮೌಲ್ಯ.

ಇಷ್ಟಕ್ಕೆ ಚಿಂತಿಸಬೇಕೆ? ಜಗಲಿಯ ಮೇಲೆ ಆಡುವವರಲ್ಲಿ ಹೆಸರಿನ ಗೊಂದಲವಾದರೆ 'ನಿಮ್ಮ ಕಡೆ ಹೇಗೆ ಆಡುತ್ತೀರಿ' ಎಂದು ಒಬ್ಬರು ಕೇಳುತ್ತಾರೆ, ಆಟ ಮುಂದುವರಿಯುತ್ತದೆ. ಏಜೆಂಟಿಗೆ ಸಿಕ್ಕ ಮೊದಲ ದಾಖಲೆಯೇ ಉತ್ತರವಾಗುವ ಸಂಭವವಿದೆ. ಏನೂ ಸಿಗದಿದ್ದರೆ ಆ ಕಾಯಿಯೇ ಇಲ್ಲವೆಂಬ ತೀರ್ಮಾನವೂ ಆಗಬಹುದು. ಮೂರು ಹುಲಿ ಹದಿನೈದು ಆಡುಗಳ ಆಟವನ್ನು ಕೇಳಿದವರಿಗೆ ನಾಲ್ಕು ಹುಲಿ ಇಪ್ಪತ್ತು ಆಡುಗಳ ನೇಪಾಳದ ಬಾಘ್‌ಚಾಲ್‌ನ ನಿಯಮ ಬಂದರೆ, ತಪ್ಪೆಂದು ತೋರಿಸಲು ಎದುರಿಗೆ ಹಿರಿಯರಿರುವುದಿಲ್ಲ. ಬರವಣಿಗೆಗೆ ಹೆಚ್ಚಾಗಿ ಸಿಕ್ಕದ ಪಾಠಾಂತರಗಳು ಹೀಗೆ ಸದ್ದಿಲ್ಲದೆ ತಿದ್ದಲ್ಪಡುತ್ತವೆ.

ಆದ್ದರಿಂದ ನಾವು ಮೂರು ಸೂಚನೆಗಳನ್ನು ಮುಂದಿಡುತ್ತೇವೆ. ದಾಖಲೆಯ ಗುರುತು ಹೆಸರಾಗಿರದೆ ಆಟ, ನಡೆ, ಎದುರುಕಾಯಿಗಳ ಸಂಬಂಧವಾಗಿರಲಿ. ಹೆಸರುಗಳು ಭಾಷೆ ಮತ್ತು ಊರುಗಳೊಡನೆ ಅದರ ಕೆಳಗೆ ಬರಲಿ. 'ಸಿಕ್ಕಿತು' ಮತ್ತು 'ಇದಕ್ಕೆ ಹತ್ತಿರವಾದುದು ಸಿಕ್ಕಿತು' ಎಂಬ ಎರಡು ಉತ್ತರಗಳನ್ನು ಸಾಧನವು ಬೇರ್ಪಡಿಸಿ ಹೇಳಲಿ. ಒಂದಕ್ಕಿಂತ ಹೆಚ್ಚು ಮೌಲ್ಯಗಳು ಹೊಂದಿದಾಗ ಆಯ್ಕೆಯನ್ನು ಏಜೆಂಟಿಗೆ ಬಿಡದೆ, ಕೇಳಿದವರನ್ನೇ ಮರಳಿ ಕೇಳುವಂತೆ ಅದರ ವಿವರಣೆಯಲ್ಲಿಯೇ ಬರೆದಿರಲಿ. ಇವುಗಳಲ್ಲಿ ಮೊದಲನೆಯದು ತಂತ್ರಜ್ಞರಿಂದಷ್ಟೇ ಆಗುವ ಕೆಲಸವಲ್ಲ. ಊರೂರಿನ ಕಾಯಿಗಳ ಹೆಸರನ್ನು ಅವುಗಳ ನಡೆಯೊಡನೆ ಬರೆದುಕೊಳ್ಳುವ ಕ್ಷೇತ್ರಕಾರ್ಯ ನಮ್ಮ ಸಂಶೋಧನಾ ವಿದ್ಯಾರ್ಥಿಗಳದು. ಪದಪಟ್ಟಿಯನ್ನು ಮಾತ್ರ ತಂದುಕೊಟ್ಟರೆ ನಾವೂ ಶೋಧಕದ ತಪ್ಪನ್ನೇ ಮಾಡಿದಂತಾಗುತ್ತದೆ.