ಕತ್ತಿ ಮಸೆಯುವವರು

ಮಡಚುವ ಕ್ಷೌರದ ಕತ್ತಿಯಲ್ಲಿ ಗಡ್ಡ ತೆಗೆಯೋದನ್ನ ಕಲೀಬೇಕು ಅಂತ ಹೊರಟ ಹುಡುಗರನ್ನ 'ಯಾಕಪ್ಪಾ ಈ ಹುಚ್ಚು?' ಅಂತ ಕೇಳಿ ನೋಡಿ. ಮಾತಿನ ನಡುವೆ ಎಲ್ಲೋ ಒಂದು ಕಡೆ 'ಸ್ಕೈಫಾಲ್' ಬಂದೇ ಬರುತ್ತೆ. 2012ರ ಆ ಬಾಂಡ್ ಸಿನಿಮಾದಲ್ಲಿ ಮಕಾವಿನ ಹೋಟೆಲ್ ಕೋಣೆ, ಮಂದ ಬೆಳಕು, ಬಾಂಡ್ ಮುಖದ ಮೇಲೆ ನೊರೆ. ಈವ್ ಅವನ ಕೈಯಿಂದ ಕತ್ತಿ ತಗೊಂಡು ತಾನೇ ಗಡ್ಡ ತೆಗೀತಾಳೆ. ಚೆಂದದ ದೃಶ್ಯ, ಎರಡು ಮಾತಿಲ್ಲ.

ಆದರೆ ಕಲಿಯುವವನಿಗೆ ಪಾಠ ಅಂತ ನೋಡಿದರೆ ನಾನದಕ್ಕೆ ಪಾಸ್ ಮಾರ್ಕ್ ಕೊಡಲ್ಲ. ಮೊದಲನೆಯದಾಗಿ, ಅಲ್ಲಿ ಗಡ್ಡ ತೆಗೆಯೋದು ಇನ್ನೊಬ್ಬರು. ಬಾತ್‌ರೂಮಿನಲ್ಲಿ ಒಬ್ಬನೇ ನಿಂತವನಿಗೆ ಆ ಭಾಗ್ಯ ಇಲ್ಲ. ಒಂದು ಕೈಯಲ್ಲಿ ಚರ್ಮ ಎಳೆದು ಬಿಗಿ ಹಿಡೀಬೇಕು, ಇನ್ನೊಂದರಲ್ಲಿ ಕತ್ತಿ. ಅದನ್ನ ಹಿಡಿದ ಕೈಯೇ ಅಡ್ಡ ಬಂದು ಕನ್ನಡಿಯಲ್ಲಿ ಅಲುಗು ಕಾಣಲ್ಲ. ಎರಡನೆಯದು ನನ್ನ ನಿಜವಾದ ತಕರಾರು: ಆ ಕತ್ತಿ ಅಷ್ಟು ಹರಿತ ಆಗಿದ್ದು ಹೇಗೆ ಅನ್ನೋದು ಸಿನಿಮಾಕ್ಕೆ ಬೇಕಾಗೇ ಇಲ್ಲ.

ಈ ವಿದ್ಯೆಯ ಅರ್ಧ ಭಾಗ ಇರೋದೇ ಅಲ್ಲಿ. ಅಲುಗಿನ ಅಂಚು ಎಷ್ಟು ತೆಳು ಅಂದ್ರೆ, ಒಂದು ಸಲ ಗಡ್ಡ ತೆಗೆದರೆ ಸಾಕು, ಕಣ್ಣಿಗೆ ಕಾಣದ ಹಾಗೆ ಅಂಕುಡೊಂಕಾಗುತ್ತೆ. ಅದನ್ನ ಸರಿ ಮಾಡೋಕೆ ಪ್ರತಿ ಸಲವೂ ಚರ್ಮದ ಪಟ್ಟಿಯ ಮೇಲೆ ನಲವತ್ತೋ ಐವತ್ತೋ ಸಲ ಎಳೀಬೇಕು. ಕತ್ತಿಯ ಬೆನ್ನು ಮುಂದೆ, ಅಲುಗು ಹಿಂದೆ. ಪಟ್ಟಿಯ ಕೊನೆ ಬಂದಾಗ ಬೆನ್ನಿನ ಮೇಲೇ ಹೊರಳಿಸಬೇಕು. ಅಲುಗಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಕೊಯ್ದುಹೋಗುತ್ತೆ, ಅಲುಗೂ ಮೊಂಡಾಗುತ್ತೆ. ಕೆಲವು ತಿಂಗಳಾದ ಮೇಲೆ ಪಟ್ಟಿ ಸಾಲಲ್ಲ, ನುಣುಪಾದ ಕಲ್ಲಿನ ಮೇಲೆ ಮಸೀಬೇಕು.

ಸಿನಿಮಾದವರು ಇದನ್ನ ತೋರಿಸೋದೇ ಇಲ್ಲ ಅಂತಲ್ಲ. ತೋರಿಸ್ತಾರೆ, ಯಾರದೋ ರಕ್ತ ಹರಿಯೋದಿದ್ದಾಗ. 1929ರಲ್ಲಿ ಲೂಯಿ ಬುನ್ಯುಯೆಲ್ ಮಾಡಿದ 'ಆನ್ ಶಿಯಾನ್ ಆಂದಲೂ' ಶುರುವಾಗೋದೇ ಹೀಗೆ. ಬುನ್ಯುಯೆಲ್ ಅವರೇ ಕತ್ತಿಯನ್ನ ಪಟ್ಟಿಗೆ ಉಜ್ಜಿ, ಹೆಬ್ಬೆರಳಿನ ಉಗುರಿನ ಮೇಲೆ ಪರೀಕ್ಷೆ ಮಾಡ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಕತ್ತಿ ಹೆಣ್ಣೊಬ್ಬಳ ಕಣ್ಣನ್ನ ಸೀಳುತ್ತೆ. ಸ್ಪೀಲ್‌ಬರ್ಗ್‌ರ 'ದಿ ಕಲರ್ ಪರ್ಪಲ್'ನಲ್ಲಿ (1985) ಸೀಲಿ ತನ್ನನ್ನ ಬಡಿದು ಹಿಂಸಿಸಿದ ಗಂಡನ ಗಡ್ಡ ತೆಗೆಯೋಕೆ ಕತ್ತಿ ಮಸೀತಾಳೆ. ಈಗ ಅವನ ಕತ್ತು ಕುಯ್ದೇಬಿಡ್ತಾಳೆ ಅಂತ ನಾವು ಉಸಿರು ಬಿಗಿ ಹಿಡೀತೀವಿ. ಅಂದರೆ ಸರಸ ಇದ್ದಲ್ಲಿ ಗಡ್ಡ ತೆಗೆಯೋದು, ಕೊಲೆಯ ಸುಳಿವು ಇದ್ದಲ್ಲಿ ಮಸೆಯೋದು. ನಮ್ಮ ಭಾಷೆಯೂ ಏನು ಕಡಿಮೆ ಇಲ್ಲ. ಕತ್ತಿ ಮಸೆಯೋದು ಅಂದರೆ ಕನ್ನಡದಲ್ಲಿ ಹಗೆ ಸಾಧಿಸೋದು. ದಿನಾ ಬೆಳಗ್ಗೆ ಮಾಡುವ ಒಂದು ಜತನದ ಕೆಲಸಕ್ಕೆ ಇಂಥ ಹೆಸರು!

ನನಗೆ ಇವತ್ತಿಗೂ ಇಷ್ಟದ ಕ್ಷೌರ ಚಾಪ್ಲಿನ್‌ರದ್ದು. 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿ (1940) ರೇಡಿಯೋದಲ್ಲಿ ಬ್ರಾಮ್ಸ್‌ನ ಹಂಗೇರಿಯನ್ ನೃತ್ಯ ಬರ್ತಿರುತ್ತೆ, ಆ ತಾಳಕ್ಕೆ ಸರಿಯಾಗಿ ಕತ್ತಿ ಗಿರಾಕಿಯ ಮುಖದ ಮೇಲೆ ಓಡಾಡುತ್ತೆ. ಅಲ್ಲಿ ಕತ್ತಿ ಹಿಡಿದವನು ಗೂಢಚಾರನೂ ಅಲ್ಲ, ಕೊಲೆಗಾರನೂ ಅಲ್ಲ, ಅದೇ ಕಸುಬಿನವನು. ಆ ವೇಗ ನಗು ತರಿಸೋದೂ ನಂಬಿಸೋದೂ ಅದಕ್ಕೇ. ಉಳಿದ ಸಿನಿಮಾಗಳಿಗೆ ಕತ್ತಿ ಬೇಕು, ಕಸುಬು ಬೇಡ.

ಹೊಸಬರಿಗೆ ಅಂತ ಮಾರುವ ಕಿಟ್‌ಗಳ ಬಗ್ಗೆಯೂ ನನ್ನ ದೂರು ಇದೇ. ಹಿಡಿ ಯಾವ ಮರದ್ದು ಅಂತ ಕೊಳ್ಳುವವರು ವಿಚಾರಿಸ್ತಾರೆ, ಮಸೆದು ಕೊಟ್ಟಿದ್ದಾರಾ ಅಂತ ಕೇಳಲ್ಲ. ಪೆಟ್ಟಿಗೆಯಿಂದ ತೆಗೆದ ಹೊಸ ಕತ್ತಿ ಎಷ್ಟೋ ಸಲ ಗಡ್ಡಕ್ಕೆ ತಯಾರಾಗಿರೋದೇ ಇಲ್ಲ. ಶುರು ಮಾಡೋರಿಗೆ ಐದು-ಎಂಟಂಶ ಇಂಚಿನ ಅಲುಗು, ದುಂಡಗಿನ ಮೊನೆ ಸಾಕು. ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ಮೊದಲ ಒಂದೆರಡು ವಾರ ಕೆನ್ನೆ ಮಾತ್ರ, ಕೂದಲು ಬೆಳೆದ ದಿಕ್ಕಿಗೆ ಮಾತ್ರ. ಗಲ್ಲ, ಮೀಸೆಯ ಜಾಗಕ್ಕೆ ಹಳೇ ರೇಜರ್ರೇ ಇರಲಿ. ಅದಕ್ಕೂ ಮೊದಲು, ಬೆಣ್ಣೆ ಹಚ್ಚುವ ಮೊಂಡು ಚಾಕು ಹಿಡಿದು ಪಟ್ಟಿಯ ಮೇಲೆ ಹೊರಳಿಸೋದನ್ನ ರೂಢಿ ಮಾಡ್ಕೊಳ್ಳಿ.

'ಅಷ್ಟೆಲ್ಲಾ ಯಾರಿಗೆ ಪುರುಸೊತ್ತು?' ಅಂದರೆ, ಅದೇ ಪ್ರಶ್ನೆ ಇಟ್ಕೊಂಡು ಕಿಂಗ್ ಜಿಲೆಟ್ ದುಡ್ಡು ಮಾಡಿದ್ರು. ಮಾರಾಟ ಶುರುವಾದ 1903ರಲ್ಲಿ ಹೋಗಿದ್ದು ಬರೀ 51 ರೇಜರ್. ಮುಂದೆ ಅದು ಜಗತ್ತನ್ನೇ ಗೆದ್ದಿತು. ಪಟ್ಟಿಗೆ ಉಜ್ಜೋದು ಬೇಡ, ಕಲ್ಲಿಗೆ ಮಸೆಯೋದು ಬೇಡ ಅನ್ನೋದೇ ಅವರ ಜಾಹೀರಾತಿನ ಭರವಸೆ. ಅಂದರೆ ನಾವು ನೂರು ಚಿಲ್ಲರೆ ವರ್ಷದ ಹಿಂದೆ ಬಿಟ್ಟಿದ್ದು ಮಸೆಯೋದನ್ನ. ಅದನ್ನ ಬಿಟ್ಟು ಬರೀ ಕತ್ತಿ ವಾಪಸ್ ತಂದರೆ ಏನು ತಂದ ಹಾಗಾಯ್ತು?

ನಮ್ಮ ಕ್ಷೌರಿಕರು ಈ ಕೆಲಸವನ್ನ ದಿನಾ ಮಾಡ್ತಿದ್ದವರು. ಒಂದೇ ಕತ್ತಿ ಹತ್ತಾರು ಮುಖಕ್ಕೆ ಹೋದರೆ ಎಚ್‌ಐವಿ, ಹೆಪಟೈಟಿಸ್ ಅಂಟಬಹುದು ಅನ್ನೋ ಎಚ್ಚರ ಹುಟ್ಟಿದ ಮೇಲೆ, ಗಿರಾಕಿಗೊಂದು ಹೊಸ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಕೆ ಎಲ್ಲ ಅಂಗಡಿಗೂ ಬಂತು. ಬರಬೇಕಾದ್ದೇ. ಆದರೆ ಪಟ್ಟಿ ಮೂಲೆ ಸೇರಿತು, ಅದನ್ನ ಬಲ್ಲ ಕೈಗಳನ್ನ ಯಾರೂ ಕಲಾವಿದ ಅನ್ನಲಿಲ್ಲ. ಜಾತಿಗೆ ಕಟ್ಟಿಹಾಕಿದ ಕಸುಬು, ಅದರ ಹೆಸರು ಜಗಳದಲ್ಲಿ ಬೈಗುಳ. 2009ರಲ್ಲಿ ಶಾರುಖ್ ಖಾನ್ ಅವರ 'ಬಿಲ್ಲು ಬಾರ್ಬರ್' ಬಿಡುಗಡೆ ಹೊತ್ತಿಗೆ, ಬಾರ್ಬರ್ ಅನ್ನೋ ಪದ ಅವಮಾನ ಅಂತ ಕ್ಷೌರಿಕರೇ ಆಕ್ಷೇಪ ಎತ್ತಿ, ಸಿನಿಮಾ ಬರೀ 'ಬಿಲ್ಲು' ಆಯ್ತು. ತಮ್ಮ ಕಸುಬಿನ ಹೆಸರೇ ನೋಯಿಸುವಷ್ಟು ಬೈಸಿಕೊಂಡವರು ಅವರು. ಅದೇ ಕೆಲಸ ಜರ್ಮನಿಯ ಸೋಲಿಂಗನ್ ಮುದ್ರೆಯ ಕತ್ತಿ ಹಿಡಿದು ನಮ್ಮ ಬಾತ್‌ರೂಮಿಗೆ ಬಂದಾಗ ಮಾತ್ರ ಕಲೆ, ಧ್ಯಾನ, ಜೀವನಶೈಲಿ.

ಕಲೆ ಅಂತೀರಾದರೆ ನನ್ನ ತಕರಾರಿಲ್ಲ, ಕಲಾವಿದರನ್ನೂ ಒಪ್ಪಿಕೊಳ್ಳಿ. ಕಿಟ್ ಆರ್ಡರ್ ಮಾಡೋ ಮುಂಚೆ ನಿಮ್ಮ ಏರಿಯಾದಲ್ಲಿ ವಯಸ್ಸಾದ ಕ್ಷೌರಿಕರು ಯಾರಾದರೂ ಇದ್ದಾರಾ ವಿಚಾರಿಸಿ. ಪಟ್ಟಿಯ ಮೇಲೆ ಕತ್ತಿ ಆಡಿಸೋದನ್ನ ಅವರಿಂದ ನಾಲ್ಕು ಭಾನುವಾರ ಕಲಿತು ಬನ್ನಿ. ಗಿಟಾರ್ ಕ್ಲಾಸಿಗೆ ಎಷ್ಟು ಫೀಸು ಕೊಡ್ತೀರೋ ಅಷ್ಟೇ ಕೊಡಿ, ಚೌಕಾಸಿ ಮಾಡಬೇಡಿ.