ಮರವೂ ಹೌದು, ಕೋಲೂ ಹೌದು

ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ನಗರದ ಅಂಚಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕಿಟೊ ಎಂಬ ಹಳ್ಳದ ದಡದ ಮೇಲೆ, ರೈಲುಸೇತುವೆಯ ಮಗ್ಗುಲಲ್ಲಿಯೇ, ಸುಮಾರು ಸಾವಿರ ವರ್ಷಗಳ ಆಯುಷ್ಯವುಳ್ಳದ್ದೆಂದು ಗಣಿಸಲ್ಪಟ್ಟ ರೆಡ್‌ವುಡ್ ವೃಕ್ಷವೊಂದು ನಿಂತಿದೆ. ಊರಿಗೆ ಹೆಸರು ಕೊಟ್ಟದ್ದು ಈ ಮರವೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರೆಯಲ್ಲಿ ಕಾಣುವುದೂ ಇದೇ. ಇಲ್ಲಿ ನೆಲೆಸಿರುವ ಕನ್ನಡಿಗರನ್ನು ಆ ಹೆಸರಿನ ಅರ್ಥವೇನೆಂದು ಕೇಳಿದರೆ ‘ಎತ್ತರದ ಮರ’ ಎಂದು ಥಟ್ಟನೆ ಹೇಳುವರು. ಉತ್ತರ ತಪ್ಪಲ್ಲ, ಆದರೆ ಆಲ್ಟೊ ಎಂದರೆ ಎತ್ತರವೆಂದು ಹೇಳಿ ಮುಗಿಸಿದಂತೆ, ಪಾಲೊ ಎಂದರೆ ಮರವೆಂದು ಹೇಳಿ ಮುಗಿಸಲಾಗದು. ಶಬ್ದಗಳ ಬೆನ್ನು ಹತ್ತುವ ಈ ಅಂಕಣಕ್ಕೆ ಈ ವಾರ ಆ ಚಿಕ್ಕ ನಾಮಪದವೊಂದೇ ಸಾಕು.

ಸ್ಪ್ಯಾನಿಷ್ ಭಾಷೆಯಲ್ಲಿ ಮರವೆನ್ನಲು ‘ಆರ್ಬೊಲ್’ ಎಂಬ ಬೇರೆಯೇ ಪದವುಂಟು. ಪಾಲೊ ಎಂಬುದಾದರೋ, ನೆಲಕ್ಕೆ ನೆಟ್ಟ ಗೂಟವೆಂಬ ಅರ್ಥದ ‘ಪಾಲುಸ್’ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿ, ಮೊದಲಿಗೆ ಕೋಲಾಗಿ, ಆ ಕೋಲು ಪೊರಕೆಗೆ ಹಿಡಿಯಾಗಿ, ಹಡಗಿನಲ್ಲಿ ಪಟ ಕಟ್ಟುವ ಕೂವೆಮರವಾಗಿ, ಗಾಲ್ಫ್ ಆಡುವವನ ಕೈಯ ದಾಂಡಾಗಿ, ಕಡೆಗೆ ಕೋಲನ್ನೇ ಬಿಟ್ಟು ಕೋಲಿನ ಪೆಟ್ಟೂ ಆಗಿ ಬೆಳೆದ ಪದ. ಅದರ ಅಲ್ಪಾರ್ಥಕ ರೂಪವಾದ ‘ಪಾಲಿಯೊ’ ಎಂಬುದು ಹಲ್ಲುಕಡ್ಡಿ. ಬೇ ಏರಿಯಾದ ಬೀದಿಗಳಲ್ಲಿ ತಳ್ಳುಗಾಡಿಯವರು ಮಾರುವ ‘ಪಲೆತಾ’ ಎಂಬ ಐಸ್‌ಕ್ಯಾಂಡಿಯನ್ನೂ, ಅದಕ್ಕೆ ಚುಚ್ಚಿದ ಕಡ್ಡಿಯನ್ನು ಕಂಡು, ಇದೇ ವಂಶಕ್ಕೆ ಸೇರಿಸಲು ಮನಸ್ಸು ಎಳೆಯುವುದು. ಅದು ಮಾತ್ರ ಸಲಿಕೆಯೆಂಬ ಅರ್ಥದ ‘ಪಾಲಾ’ ಎಂಬ ಪದದ ಸಂತಾನ.

ಫ್ಲಮೆಂಕೊ ಗಾಯನದ ಒಂದೊಂದು ಪ್ರಕಾರಕ್ಕೂ ಪಾಲೊ ಎಂದೇ ಹೆಸರು. ಇಸ್ಪೀಟಿನಲ್ಲಿ ನಾಣ್ಯ, ಬಟ್ಟಲು, ಕತ್ತಿ, ದೊಣ್ಣೆ ಎಂಬ ಸ್ಪ್ಯಾನಿಷರ ಸಾಂಪ್ರದಾಯಿಕವಾದ ನಾಲ್ಕು ಪಂಗಡಗಳಲ್ಲಿ ಒಂದೊಂದೂ ಒಂದು ಪಾಲೊ. ನಾವೋ ಅದೇ ಆಟದ ಬಿಡಿಬಿಡಿ ಕಾಗದವನ್ನು ಎಲೆಯೆಂದು ಕರೆದೆವು. ಒಂದೇ ಆಟದಲ್ಲಿ ಅವರ ಕಣ್ಣಿಗೆ ಕೋಲು ಕಂಡು ನಮ್ಮ ಕಣ್ಣಿಗೆ ಎಲೆ ಕಂಡುದನ್ನು ಎಷ್ಟು ಸಲ ನೆನೆದರೂ ನನಗೆ ಸಂತೋಷವೇ. ಮಗನು ತಂದೆಯನ್ನೇ ಹೋಲಿದಾಗ ಅವರು ‘ಎಂಥ ಪಾಲೊ ಅಂಥ ಚಕ್ಕೆ’ ಎನ್ನುವರು. ಮಗ್ಗದ ನಾಡಿನವರಾದ ನಾವು ‘ನೂಲಿನಂತೆ ಸೀರೆ’ ಎಂದೆವು. ಗೊತ್ತುಗುರಿಯಿಲ್ಲದ ಪ್ರಯತ್ನ ಅವರಿಗೆ ‘ಕುರುಡನ ಪಾಲೊ’, ಎಂದರೆ ಎತ್ತೆತ್ತಲೋ ಬೀಸಿದ ಪೆಟ್ಟು. ಕನ್ನಡದಲ್ಲಿ ಕುರುಡನ ಕೈಗೋಲೆಂದರೆ ಆಸರೆ. ಇಲ್ಲಿ ನನ್ನ ಪಕ್ಷಪಾತ ಕನ್ನಡದ ಕಡೆಗೇ.

ಕೋಲು ಮರವಾದುದೆಲ್ಲಿ ಎಂಬುದನ್ನು ನಾನು ನಿಘಂಟಿಗಿಂತ ಮೊದಲು ನಮ್ಮ ಹಿತ್ತಿಲಲ್ಲಿ ಕಲಿತೆ. ಚಪ್ಪರದವರೆಯ ಬಳ್ಳಿ ಹಬ್ಬಿಸಲು ಮೆಕ್ಸಿಕೊದ ಹಳ್ಳಿಗಾಡಿನಿಂದ ಬಂದ ವೃದ್ಧ ತೋಟಗಾರರೊಬ್ಬರ ಸಹಾಯ ಪಡೆದಿದ್ದೆ. ಅವರು ಗುಳಿ ತೋಡಿ, ಹಿಂದಿರುಗಿ ನೋಡದೆ ಕೈ ಚಾಚಿ, “ಪಾಲೊ” ಎಂದರು. ನಾನು ಊರುವ ಕೋಲನ್ನು ಕೊಟ್ಟೆ. ಅದನ್ನು ನೆಟ್ಟು, ಬುಡದ ಮಣ್ಣನ್ನು ಹಿಮ್ಮಡಿಯಿಂದ ಮೆಟ್ಟಿ, ಬೆವರೊರೆಸಿಕೊಳ್ಳುತ್ತಿದ್ದವರಿಗೆ ನೆರೆಮನೆಯ ರೆಡ್‌ವುಡ್ಡನ್ನು ತೋರಿಸಿ, ಹಾಗಾದರೆ ಅದೇನು ಎಂದು ಕೇಳಿದೆ. ತಲೆಯೆತ್ತಿ ತುದಿಯವರೆಗೆ ನೋಡಿ, “ಅದೂ ಪಾಲೊ” ಎಂದರು. ಅವರ ಊರಿನಲ್ಲಿ ನಿಂತ ಮರಕ್ಕೂ ಕಡಿದ ಕೋಲಿಗೂ ಹೆಸರು ಒಂದೇ ಅಂತೆ. ಅಮೆರಿಕದ ಸ್ಪ್ಯಾನಿಷಿನಲ್ಲಿ ಹಲವೆಡೆ ಈ ಬಳಕೆಯುಂಟು. 1769ರಲ್ಲಿ ಸ್ಪ್ಯಾನಿಷ್ ದಳಪತಿ ಪೊರ್ತೊಲಾನ ದಂಡಿನೊಡನೆ ಬಂದ ಪಾದ್ರಿ ಹ್ವಾನ್ ಕ್ರೆಸ್ಪಿ ಈ ಕರಾವಳಿಯ ರೆಡ್‌ವುಡ್ಡುಗಳನ್ನು ಬಣ್ಣ ನೋಡಿ ‘ಪಾಲೊ ಕೊಲೊರಾದೊ’, ಎಂದರೆ ಕೆಂಪು ಪಾಲೊ, ಎಂದೇ ಬರೆದಿಟ್ಟನು. ಮರ ಎಂದರೆ ಬೆಳೆದು ನಿಂತದ್ದೂ ಹೌದು, ಬಾಗಿಲು ಮಾಡುವ ದಾರುವೂ ಹೌದೆಂಬ ಮಾತು ಕನ್ನಡಿಗನಿಗೆ ಹೊಸತಲ್ಲವಷ್ಟೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆರೆಹಿಡಿದ ಸಂಗತಿ. 1776ರಲ್ಲಿ ಮತ್ತೊಬ್ಬ ಸ್ಪ್ಯಾನಿಷ್ ದಳಪತಿ ಆನ್ಸಾನ ದಂಡಿನೊಡನೆ ಬಂದ ಪಾದ್ರಿ ಪೆದ್ರೊ ಫಾಂತ್, ಬಯಲಿನಲ್ಲಿ ಬಹುದೂರದಿಂದಲೇ ಕಾಣುತ್ತಿದ್ದ ಈ ಮರವನ್ನು ಕೋನಮಾಪಕ ಯಂತ್ರದಿಂದ ಅಳೆದು, ಎತ್ತರ ಸುಮಾರು 50 ವಾರಾ, ಬುಡದ ಸುತ್ತಳತೆ ಐದೂವರೆ ವಾರಾ ಎಂದು ದಿನಚರಿಯಲ್ಲಿ ಬರೆದನು. ವಾರಾ ಎಂದರೆ ಸುಮಾರು 33 ಅಂಗುಲದ ಅಳತೆ. ಅದಕ್ಕೂ ಮೊದಲು ಆ ಪದಕ್ಕೆ ದಂಡವೆಂದೇ ಅರ್ಥ. ಎಂದಮೇಲೆ ಕೋಲೊಂದನ್ನು ಕೋಲಿನಿಂದಲೇ ಅಳೆದಂತಾಯಿತು! ಬೆಳಗಾವಿ, ಧಾರವಾಡಗಳ ಕಡೆ ‘ಒಂಬತ್ತು ವಾರಿ ಸೀರೆ’ ಎನ್ನುವಲ್ಲಿಯ ವಾರಿಯೂ ಪೋರ್ತುಗೀಸರ ವಾರಾದಿಂದ ಮರಾಠಿಯ ಮೂಲಕ ಬಂದಿತೆಂಬುದು ಶಬ್ದಶಾಸ್ತ್ರಜ್ಞರ ಅಭಿಪ್ರಾಯ. ನಮ್ಮ ಅಜ್ಜಿಯರ ಸೀರೆಯನ್ನೂ ಪರದೇಶದ ಈ ಮರವನ್ನೂ ಒಂದೇ ಕುಲದ ಅಳತೆ ಮುಟ್ಟಿದೆ. ಬಳ್ಳಿಗಾವೆಯ ಶಾಸನಗಳಲ್ಲಿ ಭೂಮಿಯನ್ನಳೆದ ‘ಭೇರುಂಡ ಗಳೆ’ಯೂ ಮೂಲತಃ ಗಳುವೇ, ಕೋಲೇ.

ನಮ್ಮ ‘ಕೋಲ್’ ಹಳಗನ್ನಡದಲ್ಲಿ ಬಾಣವಾಯಿತು; ಅಳತೆಗೋಲು, ಊರುಗೋಲು, ಕೋಲಾಟಗಳಲ್ಲದೆ ಕೋಲುಮುಖವೂ ಆಯಿತು; ಮುಗಿಲನ್ನು ಸೀಳುವ ಬೆಳಕು ಕೋಲ್ಮಿಂಚಾಯಿತು. ಅರ್ಥಗಳಿಗೆ ಒಂದು, ಎರಡು ಎಂದು ಅಂಕೆ ಹಾಕುವುದು ನಿಘಂಟುಕಾರನ ಅನಿವಾರ್ಯತೆ. ಆಡುವವನ ಕೈಯಲ್ಲಿ ಇರುವುದು ನೀಳವಾಗಿ, ನೇರವಾಗಿ ಇರುವ ಒಂದೇ ವಸ್ತು. ಕೇತೋಹಳ್ಳಿಯ ದೊಡ್ಡ ಆಲದ ಮರವು ಬಿಳಲು ಬಿಟ್ಟು ಎಕರೆಗಟ್ಟಲೆ ಹರಡಿಕೊಂಡುದನ್ನು ಕಂಡಿದ್ದರೆ ಆ ಸ್ಪ್ಯಾನಿಷ್ ದಂಡಿನವರು ಅದನ್ನು ಪಾಲೊ ಎನ್ನುತ್ತಿರಲಿಲ್ಲವೆಂದು ನನ್ನ ನಂಬಿಕೆ. ಬಯಲಿನ ನಡುವೆ ಕೂವೆಮರದಂತೆ ನೆಟ್ಟನೆ ನಿಂತಿದ್ದುದಕ್ಕೆ ಆ ಹೆಸರು ಸಂದಿತು. ಕನ್ನಡಕ್ಕೆ ತರುವುದಾದರೆ ‘ನಿಡುಗಂಬ’ ಎನ್ನುವುದು ನನ್ನ ಆಯ್ಕೆ.

ಮರ ಮಾತ್ರ ಇಂದು ಅಷ್ಟು ನಿಡಿದಾಗಿಲ್ಲ. ಎರಡು ಕಾಂಡಗಳಲ್ಲಿ ಒಂದು 19ನೆಯ ಶತಮಾನದಲ್ಲಿಯೇ ಉರುಳಿತು. ಉಗಿಬಂಡಿಗಳ ಮಸಿಯಿಂದಲೂ, ಬಾವಿಗಳು ಹೆಚ್ಚಿ ಅಂತರ್ಜಲ ಇಳಿದುದರಿಂದಲೂ ಉಳಿದದ್ದರ ತುದಿ ಒಣಗಿ, ಎತ್ತರ ಈಗ ಸುಮಾರು 110 ಅಡಿ. ಕಡಲ ಮಂಜನ್ನು ಕುಡಿದು ಬದುಕುವ ಜಾತಿಯದಕ್ಕೆ ಮಂಜಿನ ಬದಲು ತುಂತುರನ್ನಾದರೂ ಕೊಡೋಣವೆಂದು ಕಾಂಡದ ಗುಂಟ ನೀರಿನ ಕೊಳವೆಯೊಂದನ್ನು ನೆತ್ತಿಯವರೆಗೆ ಏರಿಸಿದರು. ಕಳೆದ ಭಾನುವಾರ ಬೇಲಿಯ ಹೊರಗೆ ನಿಂತು ನೋಡುವಾಗ, ಆ ತೆಳ್ಳನೆಯ ಕೊಳವೆ ಮುದಿಮರಕ್ಕೆ ಯಾರೋ ಕೊಟ್ಟ ಊರುಗೋಲಿನಂತೆ ನನಗೆ ಕಂಡಿತು.