ಮೂರು ಕೋಟಿ ಪದಗಳ ಲೆಕ್ಕ

ನಾಲ್ಕು ವರ್ಷ ತುಂಬುವಷ್ಟರಲ್ಲಿ ಬಡವರ ಮನೆಯ ಮಗು ಉಳ್ಳವರ ಮಗುವಿಗಿಂತ ಮೂರು ಕೋಟಿ ಪದ ಕಡಿಮೆ ಕೇಳಿರುತ್ತದಂತೆ. ಈ ಅಂಕಿ ಹುಟ್ಟಿದ್ದು ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ 1995ರಲ್ಲಿ ಪ್ರಕಟಿಸಿದ ‘ಮೀನಿಂಗ್‌ಫುಲ್ ಡಿಫರೆನ್ಸಸ್’ ಪುಸ್ತಕದ ಲೆಕ್ಕದಿಂದ. ಅಂಕಿಯನ್ನು ಹೇಳುವವರೆಲ್ಲ ಪುಸ್ತಕ ಓದಿದ್ದಾರೆಯೇ ಎಂಬುದು ನನ್ನ ಗುಮಾನಿ.

ಪುಸ್ತಕದ ಹಿನ್ನೆಲೆ ಪ್ರಾಮಾಣಿಕವಾದದ್ದು. 1960ರ ದಶಕದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯ ಬಡ ಬಡಾವಣೆಯೊಂದರ ಶಿಶುವಿಹಾರದಲ್ಲಿ ಈ ಲೇಖಕರಿಬ್ಬರೂ ಅಲ್ಲಿನ ಮಕ್ಕಳಿಗೆ ಹೊಸ ಪದ ಕಲಿಸಿದರು. ಮಕ್ಕಳು ಕಲಿತರು, ಆದರೆ ಪದಸಂಪತ್ತು ಬೆಳೆಯುವ ವೇಗ ಬದಲಾಗಲಿಲ್ಲ. ಹಾಗಾದರೆ ಮೊದಲ ಮೂರು ವರ್ಷ ಮನೆಯಲ್ಲಿ ಏನು ನಡೆಯುತ್ತದೆ ಎಂದು ನೋಡಲು 42 ಮನೆಗಳಿಗೆ ಹೋದರು. ತಿಂಗಳಿಗೊಮ್ಮೆ ಒಂದು ಗಂಟೆ, ಸುಮಾರು ಎರಡೂವರೆ ವರ್ಷ, ಆಡಿದ ಮಾತೆಲ್ಲ ಟೇಪಿಗೆ. ಈ ತಾಳ್ಮೆಗೆ ಕೈಮುಗಿಯಬೇಕು.

ತಕರಾರಿರುವುದು ಗುಣಾಕಾರದಲ್ಲಿ. ವೃತ್ತಿಪರರ ಮನೆಯ ಮಗುವಿನ ಕಿವಿಗೆ ಗಂಟೆಗೆ 2,153 ಪದ, ಸರ್ಕಾರಿ ನೆರವಿನಲ್ಲಿ ಬದುಕುವ ಮನೆಯಲ್ಲಿ 616. ಇದನ್ನು ದಿನಕ್ಕೆ 14 ಗಂಟೆಯಂತೆ ನಾಲ್ಕು ವರ್ಷಕ್ಕೆ ಹಿಗ್ಗಿಸಿದರೆ ಕೋಟಿಗಳು ಬರುತ್ತವೆ. ಆದರೆ ಆ ಎರಡನೆಯ ಗುಂಪಿನಲ್ಲಿದ್ದದ್ದು ಆರೇ ಮನೆ, ಆರೂ ಕಪ್ಪು ಜನರವು. ನೆರವಿನ ಹಣ ಯಾವಾಗ ನಿಲ್ಲುತ್ತದೋ ಎಂಬ ಆತಂಕದ ಮನೆಯಲ್ಲಿ ಟೇಪು ಹಿಡಿದ ಅಪರಿಚಿತರು ಕೂತರೆ ತಾಯಿಯ ಬಾಯಿ ಕಟ್ಟುವುದಿಲ್ಲವೇ?

ಎಣಿಸಿದ್ದು ಕೂಡ ಮಗುವನ್ನೇ ಉದ್ದೇಶಿಸಿ ಆಡಿದ ಮಾತನ್ನು. 2018ರಲ್ಲಿ ಡಗ್ಲಸ್ ಸ್ಪೆರಿ ಮತ್ತು ಸಂಗಡಿಗರು ಐದು ಸಮುದಾಯಗಳಲ್ಲಿ ಮನೆಯ ಇತರರ ಮಾತನ್ನೂ ಸುತ್ತಲಿನ ಹರಟೆಯನ್ನೂ ಸೇರಿಸಿದಾಗ ಆ ಕಂದರ ಕಾಣಿಸಲಿಲ್ಲ. ಅವರ ಅಧ್ಯಯನದಲ್ಲಿ ವೃತ್ತಿಪರರ ಗುಂಪೇ ಇರಲಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಅವರೆತ್ತಿದ ಪ್ರಶ್ನೆ ಬಿದ್ದುಹೋಗುವುದಿಲ್ಲ.

ನನಗೆ ಹೆಚ್ಚು ಚುಚ್ಚುವುದು ಇನ್ನೊಂದು ಅಳತೆ. ಮಗುವನ್ನು ಪ್ರಶ್ನೆ ಕೇಳಿ ನಡೆಸುವುದು ಒಳ್ಳೆಯದು, ‘ಮಾಡು’ ಎಂದು ವಿಧಿಸುವುದು ಕಡಿಮೆ ದರ್ಜೆಯದು ಎಂಬಂತೆ ಪುಸ್ತಕ ಅಂಕ ಕೊಡುತ್ತದೆ. ನಮ್ಮ ಮನೆಗಳಲ್ಲಿ ಕೇಳಿ: ‘ತಾತಂಗೆ ಊಟಕ್ಕೆ ಬನ್ನಿ ಅನ್ನು’, ‘ಅತ್ತೆಗೆ ಹೋಗ್ಬರ್ತೀನಿ ಅಂತ ಹೇಳು’. ವ್ಯಾಕರಣಕ್ಕೆ ಇವೆಲ್ಲ ಬರೀ ಆಜ್ಞೆ. ಮಗು ಕಲಿಯುವುದು ಮಾತ್ರ ಯಾರಿಗೆ ‘ಬಾ’, ಯಾರಿಗೆ ‘ಬನ್ನಿ’, ಯಾವ ಹೊತ್ತಿಗೆ ಯಾರನ್ನು ಕರೆಯಬೇಕು ಎಂಬುದನ್ನು. ಪಪುವಾ ನ್ಯೂಗಿನಿಯ ಕಲೂಲಿ ಜನರಲ್ಲೂ ತಾಯಂದಿರು ಹೀಗೆಯೇ ‘ಹೀಗನ್ನು’ ಎಂದು ಮಾತು ಹೇಳಿಕೊಡುವುದನ್ನು ಮಾನವಶಾಸ್ತ್ರಜ್ಞೆ ಬ್ಯಾಂಬಿ ಶೀಫೆಲಿನ್ ದಾಖಲಿಸಿದ್ದಾರೆ. ಅಲ್ಲಿ ಎಳೆಗೂಸಿನೊಡನೆ ಸಂಭಾಷಣೆ ನಡೆಸುವ ರೂಢಿ ಕಡಿಮೆ; ಮಗುವಿನ ಮುಖವನ್ನು ಎದುರಿನವರತ್ತ ತಿರುಗಿಸಿ ಅದರ ಪರವಾಗಿ ತಾಯಿಯೇ ಮಾತಾಡುತ್ತಾಳೆ. ಆ ಮಕ್ಕಳೇನೂ ಮೂಕರಾಗಲಿಲ್ಲ.

ಹಾಗೆಂದು ಪುಸ್ತಕವನ್ನು ಅಟ್ಟಕ್ಕೆ ಹಾಕಲಾರೆ. ಗಂಟೆಗೆ ಎಷ್ಟು ಸಲ ಮಗು ಮೆಚ್ಚುಗೆ ಕೇಳಿತು, ಎಷ್ಟು ಸಲ ‘ಬೇಡ, ಬಿಡು’ ಕೇಳಿತು ಎಂಬ ಪುಟಗಳು ಇವತ್ತಿಗೂ ಕಾಡುತ್ತವೆ: ವೃತ್ತಿಪರರ ಮನೆಯಲ್ಲಿ 32 ಮತ್ತು 5, ನೆರವಿನ ಮನೆಯಲ್ಲಿ 5 ಮತ್ತು 11. ಆರು ಮನೆಗಳ ಮಿತಿ ಇಲ್ಲಿಯೂ ಇದೆ, ನಿಜ. ಆದರೆ ಮಗುವಿಗೆ ಹೇಗೆ ಓಗೊಡುತ್ತೇವೆ ಎಂಬುದನ್ನು ಲೇಖಕರು ಗಮನಿಸಿದ್ದು ಇಲ್ಲಿ. ದೊಡ್ಡವರು ಸುರಿದ ಪದಗಳಿಗಿಂತ ಮಗುವಿನೊಡನೆ ನಡೆದ ಮಾತು-ಮರುಮಾತು ಮುಖ್ಯವೆಂದು ರೇಚಲ್ ರೊಮಿಯೊ ತಂಡದ 2018ರ ಮೆದುಳಿನ ಅಧ್ಯಯನವೂ ಸೂಚಿಸಿತು. ಮೂರು ಕೋಟಿಯ ಅಂತರ ತುಂಬಲೆಂದು ಅಮೆರಿಕದ ಪ್ರಾವಿಡೆನ್ಸ್ ನಗರ ಮಕ್ಕಳ ಅಂಗಿಗೆ ಪದ ಎಣಿಸುವ ಯಂತ್ರ ಸಿಕ್ಕಿಸುವ ಯೋಜನೆಗೆ 50 ಲಕ್ಷ ಡಾಲರ್ ಬಹುಮಾನ ಗೆದ್ದಿತು. ಆ ಯಂತ್ರ ಮರುಮಾತುಗಳನ್ನೂ ಎಣಿಸುತ್ತಿತ್ತು. ಆದರೆ ಪ್ರಚಾರ ಸಿಕ್ಕಿದ್ದು ಮೂರು ಕೋಟಿಯ ಅಂಕಿಗೆ.